ಹೊಸ ಮೆಟ್ಟಿಲ ಹಲಗೆಗೆ ಏನು ಹಚ್ಚುವುದು?

ಪ್ರಶ್ನೆ: ಮೆಟ್ಟಿಲಿಗೆ ಹೊಸ ಮರದ ಹಲಗೆ ಕೂರಿಸಿದ್ದೇವೆ. ಮಕ್ಕಳು, ವಯಸ್ಸಾದವರು, ಜೊತೆಗೊಂದು ನಾಯಿ ಓಡಾಡುವ ಜಾಗ. ಮರದ ಎಳೆ ಕಾಣಬೇಕು. ಪಾಲಿಯುರೆಥೇನ್ ವಾರ್ನಿಷ್ ಒಳ್ಳೆಯದೋ, ಎಣ್ಣೆಯೋ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ: ನನ್ನ ಮತ ನೀರು ಆಧಾರದ ಪಾಲಿಯುರೆಥೇನ್‌ಗೆ. ಎರಡು ಮೂರು ಗಂಟೆಯಲ್ಲಿ ಮುಂದಿನ ಕೋಟಿಗೆ (ಪದರಕ್ಕೆ) ಸಿದ್ಧ, ವಾಸನೆಗೆ ತಲೆ ಸಿಡಿಯುವುದಿಲ್ಲ, ತಿಳಿ ಬಣ್ಣದ ಮರ ತಿಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಆಧಾರದ ಪಾಲಿಯುರೆಥೇನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಕೋಟಿಗೊಂದು ರಾತ್ರಿ ಕಾಯಬೇಕು. ನೀರಿನದರ ಕಿರಿಕಿರಿ ಒಂದೇ: ಮೊದಲ ಕೋಟಿಗೆ ಮರದ ನಾರು ಎದ್ದು, ಅಂಗೈ ಸವರಿದರೆ ಬೆಕ್ಕಿನ ನಾಲಿಗೆಯಂತೆ ತರಿತರಿ. ಒಣಗಿದ ಮೇಲೆ 220ರ ಸ್ಯಾಂಡ್‌ಪೇಪರ್‌ನಿಂದ (ಸಂಖ್ಯೆ ಹೆಚ್ಚಿದಷ್ಟೂ ನಯ) ಹಗುರವಾಗಿ ಉಜ್ಜಿ, ಧೂಳು ಒರೆಸಿ ಮುಂದುವರಿಯಿರಿ. ಮೂರು ಕೋಟಾದರೂ ಬೇಕು. ಹಲಗೆಯ ಮುಂದಂಚನ್ನು ಚೂಪಾಗಿ ಬಿಡಬೇಡಿ. ಚೂಪಾದ ಕಡೆ ಲೇಪ ತೆಳುವಾಗುತ್ತದೆ, ಕಾಲು ಹೆಚ್ಚು ತಾಗುವುದೂ ಅಲ್ಲಿಯೇ.

ಉತ್ತರ: ನಾಯಿ ಇರುವ ಮನೆಗೆ ಇದನ್ನು ನಾನು ಒಪ್ಪುವುದಿಲ್ಲ. ಪಾಲಿಯುರೆಥೇನ್ ಮರದ ಮೇಲೆ ಕೂರುವ ಪೊರೆ. ಉಗುರಿನ ಗೀರು ಬಿದ್ದ ಜಾಗವನ್ನಷ್ಟೇ ತಿದ್ದಿದರೆ ತೇಪೆ ಎದ್ದು ಕಾಣುತ್ತದೆ. ಮೇಣ ಬೆರೆತ ಹಾರ್ಡ್‌ವ್ಯಾಕ್ಸ್ ಎಣ್ಣೆಯಾದರೆ ಸವೆದಲ್ಲಿ ಉಜ್ಜಿ ಮತ್ತೆ ಸವರಿದರೆ ಸಾಕು, ಸುತ್ತಲಿನದರೊಂದಿಗೆ ಕೂಡಿಕೊಳ್ಳುತ್ತದೆ. ಆಗಾಗ ಹಚ್ಚುವ ಕೆಲಸ ಇದ್ದದ್ದೇ. ಹಚ್ಚುವ ಮುಂಚೆ 150ರ ಸ್ಯಾಂಡ್‌ಪೇಪರ್‌ಗಿಂತ ಹೆಚ್ಚು ನಯ ಮಾಡಬೇಡಿ, ಮರ ಎಣ್ಣೆ ಹೀರುವುದು ಕಡಿಮೆಯಾಗುತ್ತದೆ. ಮುಖ್ಯವಾಗಿ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿಯೇ ಹತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಉತ್ತರ: ಯಾವುದನ್ನಾದರೂ ಹಚ್ಚಿ, ಕನ್ನಡಿ ಹೊಳಪು ಮಾತ್ರ ಬೇಡ. ಕಾಲುಚೀಲ ಹಾಕಿ ಇಳಿಯುವ ಅಜ್ಜಿಯನ್ನು ನೆನೆಸಿಕೊಳ್ಳಿ. ಹೊಳಪಿಲ್ಲದ ಮ್ಯಾಟ್ ತೆಗೆದುಕೊಂಡು, ಕೊನೆಯ ಕೋಟಿಗೆ ಜಾರದಂತೆ ತಡೆಯುವ ಪುಡಿ ಬೆರೆಸಿ. ಮ್ಯಾಟ್ ಡಬ್ಬಿಯನ್ನು ತಳದಿಂದ ಕಲಕಬೇಕು. ಕುಲುಕಿದರೆ ಗುಳ್ಳೆ ಏಳುತ್ತದೆ.

ಪ್ರಶ್ನೆ ಕೇಳಿದವರು: ಮರ ತೇಗ. ಅದಕ್ಕೇನಾದರೂ ಬೇರೆ ಕ್ರಮವಿದೆಯೇ?

ಉತ್ತರ: ಇದೆ. ತೇಗದಲ್ಲಿ ಸ್ವಂತ ಎಣ್ಣೆಯ ಅಂಶವಿರುವುದರಿಂದ ಲೇಪ ಸರಿಯಾಗಿ ಹಿಡಿಯದೇ ಹೋಗಬಹುದು. ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ಆರಲು ಬಿಡಿ, ಕಿಟಕಿ ತೆರೆದಿರಲಿ. ಉಳಿದ ತುಂಡಿನ ಮೇಲೆ ಎರಡನ್ನೂ ಹಚ್ಚಿ ನೋಡಿಯೇ ಡಬ್ಬಿ ಕೊಳ್ಳಿ. ಮಹಡಿಗೆ ಬೇರೆ ದಾರಿ ಇಲ್ಲದಿದ್ದರೆ ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಚ್ಚಿ, ಹಚ್ಚಿದ್ದಕ್ಕೆ ಟೇಪಿನ ಗುರುತು ಹಾಕಿ. ನಾಯಿಯನ್ನು ಆ ದಿನಗಳಲ್ಲಿ ಕೆಳಗೇ ಕಟ್ಟಿ.