ಒಂದು ಬಸ್ಸು, ಇಬ್ಬರು ಕಂಡಕ್ಟರು

ಬೈಟು ಕಾಫಿ ಇನ್ನೂ ಟೇಬಲ್ ಮುಟ್ಟಿರಲಿಲ್ಲ, ಸೀನ ಗೋಳು ಶುರು ಮಾಡಿದ.

"ಹಳೇ ಮೆಶ್ ರೌಟರ್ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ನಮ್ಮ ಮಹಡಿ ರೂಮಿಗೆ ವೈಫೈ ಬರಲ್ಲ ಅಲ್ವಾ, ಅಲ್ಲಿ ಹಾಕಿದೆ. ಇಡೀ ಮನೆ ನೆಟ್ ಹೋಯ್ತು ಕಣೋ! ಅಮ್ಮನ ಸೀರಿಯಲ್ಲು ಅತ್ತೆ ಬಾಯಿ ತೆರೆದ ಕಡೆಯೇ ನಿಂತುಬಿಟ್ಟಿತು."

"ಹೇಗೆ ಹಾಕಿದೆ?" ಎಂದ ನಾಣಿ. ಆಫೀಸಿನಲ್ಲಿ ಅವನದು ನೆಟ್‌ವರ್ಕ್ ಕೆಲಸ. ಮನೆಯಲ್ಲಿ ಅವನ ಮಾತು ಯಾರೂ ಕೇಳುವುದಿಲ್ಲ, ಆ ಬಾಕಿಯನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಾನೆ.

"ಕೆಳಗಿನ ರೌಟರಿಂದ ವೈರು ಎಳೆದು ಇದರ ಲ್ಯಾನ್ ತೂತಿಗೆ ಚುಚ್ಚಿದೆ."

"ಸೆಟ್ಟಿಂಗು?"

"ಯಾವ ಸೆಟ್ಟಿಂಗು?"

ನಾಣಿ ಹಣೆ ಚಚ್ಚಿಕೊಂಡ. "ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರನ್ನ ಹತ್ತಿಸಿದ್ದೀಯ. ಒಂದೊಂದು ಫೋನಿಗೂ ಒಂದೊಂದು ನಂಬರ್ ಕೊಡೋದು ರೌಟರ್ ಒಳಗಿರೋ ಡಿಎಚ್‌ಸಿಪಿ ಕೆಲಸ. ಈಗ ಎರಡು ಡಬ್ಬಿನೂ ಕೊಡ್ತಿವೆ. ನಿಮ್ಮಮ್ಮನ ಟೀವಿಗೂ 14ನೇ ಸೀಟು, ನಿನ್ನ ಫೋನಿಗೂ 14ನೇ ಸೀಟು. ಸಾಲದು ಅಂತ ಎರಡರ ವಿಳಾಸವೂ 192.168.1.1 ಇರಬೇಕು. ಹೊರಗೆ ಹೋಗೋ ದಾರಿ ನಾನೇ ಅನ್ನುತ್ತೆ ಹಳೇದು. ಆದ್ರೆ ಹೊರಗಿನ ದಾರಿ ಅದಕ್ಕೇ ಗೊತ್ತಿಲ್ಲ."

"ಹಾಗಾದ್ರೆ ಎಸೆದುಬಿಡಲಾ?"

"ಎಸಿಬೇಡ, ಕೆಲಸ ಬದಲಿಸು. ರಿಸೆಟ್ ಮಾಡು. ಆ್ಯಪ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೋ ಬ್ರಿಡ್ಜ್ ಮೋಡ್ ಅಂತಲೋ ಇರುತ್ತೆ, ಅದಕ್ಕೆ ಹಾಕು. ಆಮೇಲೆ ಅದು ಟಿಕೆಟ್ ಹರಿಯಲ್ಲ, ಕ್ಲೀನರ್ ಥರ ಬಾಗಿಲ ಹತ್ತಿರ ನಿಂತು ಜನರನ್ನ ಹತ್ತಿಸಿಕೊಳ್ಳುತ್ತೆ ಅಷ್ಟೆ. ಆ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ, ಯಾರಿಗೂ ಕೊಡದ ಬೇರೆ ನಂಬರ್ ಒಂದನ್ನ ಅದಕ್ಕೆ ಇಡು."

"ಮೆಶ್ ಅಂದ್ರೆ ಡಬ್ಬಿಗಳು ವೈರಿಲ್ಲದೆ ತಮ್ಮತಮ್ಮಲ್ಲೇ ಮಾತಾಡ್ಕೊಳ್ಳೋದು ಅಲ್ವಾ, ಮತ್ತೆ ವೈರು ಯಾಕೋ?" ಎಂದು ನಾನೂ ಬಾಯಿ ಹಾಕಿದೆ.

"ಸೀನನ ತಾತ ಕಟ್ಟಿಸಿದ ಮನೆ. ಒಂದೂವರೆ ಅಡಿ ಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಲೆ ಅದಕ್ಕೆ ಕೈಮುಗಿದು ವಾಪಸ್ ಬರುತ್ತೆ. ಅಲ್ಲದೆ ಅದೇ ರೇಡಿಯೋ ಕೇಳಿಸಿಕೊಂಡು ಅದೇ ಮತ್ತೆ ಹೇಳಬೇಕಾದರೆ ಸ್ಪೀಡು ಅರ್ಧ ಆಗುತ್ತೆ. ಕ್ಯಾಟ್ 5ಇ ಅನ್ನೋ ನೆಟ್‌ವರ್ಕ್ ವೈರು 100 ಮೀಟರ್ ತನಕ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತೆ."

ಭಾನುವಾರ ಮೂವರೂ ಸೀನನ ಮನೆಯಲ್ಲಿ ಸೇರಿದೆವು. ರಿಸೆಟ್ ತೂತಿಗೆ ಬೆಂಕಿಕಡ್ಡಿ ಹೋಗಲಿಲ್ಲ. ಕೊನೆಗೆ ಅವನಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟರು. "ವಾಪಸ್ ಕೊಡ್ರಪ್ಪ, ಹೋದ ಸಲ ಸಿಮ್ ತೆಗೆಯೋಕೆ ಇಸ್ಕೊಂಡಿದ್ದು ಇನ್ನೂ ಬಂದಿಲ್ಲ" ಎಂದರು. ನಾಣಿ ದೀಪ ಮಿಣುಕುವ ತನಕ ಒತ್ತಿ ಹಿಡಿದ. ಮೇಲೂ ಕೆಳಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದಕ್ಕೊಂದು ಅಡ್ಡ ಬರದಿರಲಿ ಅಂತ ಕೆಳಗಿನ ರೌಟರಿಗೆ ಚಾನಲ್ 1, ಮೇಲಿನದಕ್ಕೆ 6.

ಸೀನ ಮಹಡಿ ಹತ್ತಿ ಕೂಗಿದ. "ಒಂದೇ ಕಡ್ಡಿ ತೋರಿಸ್ತಿದೆ ಕಣೋ!"

"ನಿನ್ನ ಫೋನು ಇನ್ನೂ ಕೆಳಗಿನದಕ್ಕೇ ಅಂಟಿಕೊಂಡಿದೆ. ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡೋದು ಫೋನೇ. ಹಳೇ ಬಾಡಿಗೆದಾರನ ಥರ, ಅಷ್ಟು ಸುಲಭಕ್ಕೆ ಖಾಲಿ ಮಾಡಲ್ಲ. ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡು."

ಮಾಡಿದ. ಕಡ್ಡಿ ಪೂರ್ತಿ ಬಂತು. ಅವನಮ್ಮ ಖುಷಿಯಲ್ಲಿ ಎಲ್ಲರಿಗೂ ಚಿತ್ರಾನ್ನ ಕೊಟ್ಟರು. ಪಿನ್ನು ಮಾತ್ರ ನಾಣಿಯ ಜೇಬಿಗೆ ಹೋಯಿತು.

ಮಾರನೇ ದಿನ ಕಾಫಿಗೆ ಬಂದ ಸೀನನ ಮುಖದ ತುಂಬ ಕೆಂಪು ಗಂಧೆ.

"ಏನೋ ಇದು? ನೆಟ್ ಬರ್ತಿಲ್ವಾ?"

"ನೆಟ್ ಸೂಪರ್. ವೈರು ಕಿಟಕಿಯಿಂದ ತಾನೇ ಹೋಗಿರೋದು? ಕಿಟಕಿ ಮುಚ್ಚೋಕಾಗ್ತಿಲ್ಲ. ರಾತ್ರಿಯೆಲ್ಲ ಸೊಳ್ಳೆ."

"ಮತ್ತೆ ಎಲ್ಲಿ ಮಲಗಿದೆ?"

"ಕೆಳಗೆ ಹಾಲಲ್ಲಿ."