ಮಾತು ಸ್ಪಷ್ಟವಾಗಿ ಕೇಳ್ತಿರುವಾಗಲೇ ಕಾಲ್ ಕಟ್: ಲಾಗ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ

ಡ್ರೈವ್ ಟೆಸ್ಟ್ (ಗಾಡಿಯಲ್ಲಿ ಹೋಗ್ತಾ ನೆಟ್‌ವರ್ಕ್ ಅಳೆದು ಲಾಗ್‌ನಲ್ಲಿ ದಾಖಲಿಸುವ) ಕೆಲಸಕ್ಕೆ ಹೊಸಬ. ಸಕಲೇಶಪುರದಿಂದ ಗುಂಡ್ಯದವರೆಗೆ ಶಿರಾಡಿ ಘಾಟಿ ರೂಟ್ ಕೊಟ್ಟಿದ್ದಾರೆ. 4ಜಿ ವೋಲ್ಟಿ ಕಾಲ್ (4ಜಿ ಮೇಲೇ ನಡೆಯುವ ಧ್ವನಿ ಕರೆ) ಹಚ್ಚಿಕೊಂಡು ಹೋಗ್ತೀವಿ. ತಿರುವಿನವರೆಗೂ ಧ್ವನಿ ಚೆನ್ನಾಗಿರುತ್ತದೆ, ತಿರುವು ದಾಟುತ್ತಿದ್ದಂತೆ ಡ್ರಾಪ್. ಕವರೇಜ್ ಇಲ್ಲ ಅಂತ ಬರೆಯೋಣ ಅಂದ್ರೆ ಮುಂದಿನ ಸೈಟ್‌ನ (ಟವರ್‌ನ) ಸಿಗ್ನಲ್ ಅಲ್ಲೇ ಜೋರಾಗಿ ಸಿಗ್ತಿದೆ. ಅನುಭವ ಇರುವವರು ಸ್ವಲ್ಪ ಹೇಳಿ.

2ಜಿ ಕಾಲದಿಂದ ಆಪ್ಟಿಮೈಸೇಷನ್‌ನಲ್ಲಿರುವವರು

ಕವರೇಜ್ ಅಂತ ಬರೆಯಲೇಬೇಡಿ. ಧ್ವನಿಯ ಪ್ಯಾಕೆಟ್ ನೂರಕ್ಕೆ ಒಂದು ಕಳೆದುಹೋದರೂ ಕಿವಿಗೆ ಗೊತ್ತಾಗಲ್ಲ. ಆದರೆ ಪಕ್ಕದ ಸೆಲ್‌ಗೆ ಹೋಗು ಅನ್ನುವ ಹ್ಯಾಂಡೋವರ್ ಕಮಾಂಡ್ ಒಂದು ತಲುಪದಿದ್ದರೆ ಕಾಲ್ ಮುಗೀತು.

ಇದು ಹೊಸ ರೋಗ ಅಲ್ಲ. 2ಜಿಗೆ ಎಎಂಆರ್ ಅನ್ನುವ ಕೋಡೆಕ್ (ಮಾತನ್ನು ಕುಗ್ಗಿಸಿ ಡಿಜಿಟಲ್ ಮಾಡುವ ವಿಧಾನ) ಬಂದಾಗ ಹೀಗೇ ಆಗಿತ್ತು. ಅದರ ಕಡಿಮೆ ರೇಟಿನ ಮೋಡ್‌ಗಳಲ್ಲಿ ಮಾತಿಗೆ ರಕ್ಷಣೆ ಜಾಸ್ತಿ. ಸಿಗ್ನಲ್ ಕೆಟ್ಟರೂ ಮಾತು ಕೇಳ್ತಿತ್ತು. ಹ್ಯಾಂಡೋವರ್ ಕಮಾಂಡ್ ಹೊತ್ತು ತರುವ ಫ್ಯಾಕ್ಚ್ ಚಾನೆಲ್ ಮಾತ್ರ ಹಳೇ ಕೋಡಿಂಗ್‌ನಲ್ಲೇ ಉಳಿದಿತ್ತು. ಮಾತು ಬದುಕುವ ಜಾಗದಲ್ಲಿ ಕಮಾಂಡ್ ಸಾಯ್ತಿತ್ತು. ಕೊನೆಗೆ ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆಯವರು ರಿಲೀಸ್ (ಮಾನದಂಡದ ಆವೃತ್ತಿ) 6ರಲ್ಲಿ ದಾರಿ ಮಾಡಿದರು: ಅದೇ ಫ್ಯಾಕ್ಚ್ ಬ್ಲಾಕನ್ನು ಇನ್ನೊಮ್ಮೆ ಕಳಿಸುವುದು, ಫೋನ್ ಎರಡನ್ನೂ ಕೂಡಿಸಿ ಓದುವುದು. ಫ್ಯಾಕ್ಚ್‌ಗೆ ಸ್ವಂತ ಜಾಗ ಇಲ್ಲ, 20 ಮಿಲಿಸೆಕೆಂಡಿನ ಮಾತಿನ ಫ್ರೇಮ್ ಕದ್ದು ಅಲ್ಲಿ ಕೂರುತ್ತದೆ. ಅಂದ್ರೆ ಎರಡು ಸಲ ಕಳಿಸಿದರೆ ಕಳ್ಳತನವೂ ಎರಡು ಸಲ. ಕಾಲ್ ಉಳಿಯುತ್ತದಲ್ಲ, ಅಷ್ಟು ಸಾಕು.

ಇನ್ನೊಂದು ಮಾತು. ನಿಮ್ಮ ಬಾಸ್ ಟೈಮರ್ ಜಾಸ್ತಿ ಮಾಡಿ ಅಂತ ಹೇಳಬಹುದು. 2ಜಿಯಲ್ಲಿ ರೇಡಿಯೋ ಲಿಂಕ್ ಟೈಮ್‌ಔಟ್ ಅಂತ ಒಂದು ಎಣಿಕೆ ಇದೆ. 480 ಮಿಲಿಸೆಕೆಂಡಿಗೊಮ್ಮೆ ಬರುವ ಸ್ಯಾಕ್ಚ್ ಬ್ಲಾಕ್ (ಕಾಲ್ ಜೊತೆ ಸಾಗುವ ನಿಧಾನದ ಸಿಗ್ನಲಿಂಗ್) ಓದಲಾಗದಿದ್ದರೆ ಒಂದು ಕಳೆ, ಓದಿದರೆ ಎರಡು ಕೂಡು. ಸೊನ್ನೆಗೆ ಬಂದರೆ ಡ್ರಾಪ್. ಈ ಎಣಿಕೆಯನ್ನು 64ಕ್ಕೆ ಏರಿಸಿದರೆ ಸತ್ತ ಕಾಲ್ ಅರ್ಧ ನಿಮಿಷ ಹಾಗೇ ತೂಗಾಡುತ್ತದೆ. ಜನ ಹಲೋ ಹಲೋ ಅಂದು ತಾವೇ ಕಟ್ ಮಾಡ್ತಾರೆ. ಲೆಕ್ಕದಲ್ಲಿ ಡ್ರಾಪೇ ಇಲ್ಲ! 2016ರಲ್ಲಿ ಕಾಲ್ ಡ್ರಾಪ್ ಗಲಾಟೆ ಜೋರಾಗಿದ್ದಾಗ ಆಪರೇಟರ್‌ಗಳು ಇದನ್ನೇ ಮಾಡ್ತಿದ್ದಾರೆ ಅನ್ನುವ ಆರೋಪ ಪೇಪರ್‌ಗಳಲ್ಲೂ ಬಂದಿತ್ತು. ಟೈಮರ್ ತಿರುಚುವುದು ರಿಪೇರಿ ಅಲ್ಲ, ರಿಪೋರ್ಟಿಗೆ ಸುಣ್ಣ ಬಳಿಯುವ ಕೆಲಸ.

4ಜಿ ರೇಡಿಯೋ ಕಡೆ ಕೆಲಸ ಮಾಡುವವರು

ಸರ್ ಹೇಳಿದ್ದು ಸರಿ. 4ಜಿಯಲ್ಲಿ ಎರಡು ಥರದ ಸಿಗ್ನಲಿಂಗ್ ಇದೆ, ಮೊದಲು ಅದನ್ನು ಬೇರೆ ಮಾಡಿಕೊಳ್ಳಿ. ಕಾಲ್ ಹಚ್ಚುವ, ಮುಗಿಸುವ ಸಿಪ್ ಮೆಸೇಜ್‌ಗಳು ಕ್ಯೂಸಿಐ (ಸೇವೆಯ ದರ್ಜೆ ಸಂಖ್ಯೆ) 5ರಲ್ಲಿ ಹೋಗ್ತವೆ, ಧ್ವನಿ ಕ್ಯೂಸಿಐ 1ರಲ್ಲಿ. ಧ್ವನಿಗೆ ನೂರಕ್ಕೆ ಒಂದು ನಷ್ಟ ಓಕೆ. ಸಿಪ್‌ಗೆ ಗುರಿ ಹತ್ತು ಲಕ್ಷಕ್ಕೆ ಒಂದು, ಆದ್ಯತೆಯೂ ಧ್ವನಿಗಿಂತ ಮೇಲೆ. ಹ್ಯಾಂಡೋವರ್ ಮಾತುಕತೆ ನಡೆಯುವುದು ಇವೆರಡರಲ್ಲೂ ಅಲ್ಲ, ಆರ್‌ಆರ್‌ಸಿಯಲ್ಲಿ (ಫೋನ್ ಮತ್ತು ಟವರ್ ನಡುವಿನ ನಿಯಂತ್ರಣ ಮೆಸೇಜ್‌ಗಳು).

ಡ್ರಾಪ್ ಆದ ಕ್ಷಣದಿಂದ ಲಾಗನ್ನು ಹಿಂದಕ್ಕೆ ಓದಿ. ಸಿಪ್ ಬೈ (ಕಾಲ್ ಮುಗಿಸುವ ಮೆಸೇಜ್) ಬಂದಿದ್ದರೆ ಯಾರೋ ಕಟ್ ಮಾಡಿದ್ದಾರೆ, ಅದು ಬೇರೆ ಕಥೆ. ಬಂದಿಲ್ಲ ಅಂದ್ರೆ ಎ3 ಮೆಷರ್‌ಮೆಂಟ್ ರಿಪೋರ್ಟ್ (ಪಕ್ಕದ ಸೆಲ್ ಹೆಚ್ಚು ಜೋರಾಗಿದೆ ಅಂತ ಫೋನ್ ಕಳಿಸುವ ವರದಿ) ಹುಡುಕಿ. ಅದರ ಹಿಂದೆ ಹ್ಯಾಂಡೋವರ್‌ನ ರೀಕಾನ್ಫಿಗರೇಷನ್ (ಅದೇ ಕಮಾಂಡ್) ಬಂತಾ? ಬರದೇ ಟಿ310 (ಲಿಂಕ್ ಕೆಟ್ಟಾಗ ಓಡುವ ಟೈಮರ್) ಮುಗಿದು, ಫೋನ್ ರೀ-ಎಸ್ಟಾಬ್ಲಿಷ್‌ಮೆಂಟ್ (ಮತ್ತೆ ಜೋಡಿಸು ಅಂತ) ಕೇಳಿ ರಿಜೆಕ್ಟ್ ಆಗಿದ್ದರೆ, ನಿಮ್ಮದು ಬಹುಶಃ ತಿರುವಿನ ಸಮಸ್ಯೆ. ಗುಡ್ಡ ಅಡ್ಡ ಬಂದ ತಕ್ಷಣ ಹಳೇ ಸೆಲ್ ಧೊಪ್ಪನೆ ಬೀಳುತ್ತದೆ, ಕಮಾಂಡ್ ಬರಬೇಕಾದ್ದೂ ಅದೇ ಸೆಲ್‌ನಿಂದ. ಟೈಮ್-ಟು-ಟ್ರಿಗರ್ (ರಿಪೋರ್ಟ್ ಕಳಿಸುವ ಮೊದಲು ಫೋನ್ ಕಾಯುವ ಸಮಯ) 640 ಮಿಲಿಸೆಕೆಂಡ್ ಇಟ್ಟಿದ್ದರೆ ರಿಪೋರ್ಟ್ ಹೊರಡುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತದೆ.

ಪರಿಹಾರ ಅಂದ್ರೆ ಆ ಒಂದು ನೆರೆಯ ಸೆಲ್‌ಗೆ ಮಾತ್ರ ಆಫ್‌ಸೆಟ್ (ಸಿಗ್ನಲ್ ಹೋಲಿಸುವಾಗ ಕೊಡುವ ರಿಯಾಯಿತಿ) ಹೆಚ್ಚಿಸಿ ಹ್ಯಾಂಡೋವರ್ ಬೇಗ ಆಗುವಂತೆ ಮಾಡುವುದು. ಇಡೀ ಸೈಟಿಗೆ ಬದಲಿಸಿದರೆ ಪೇಟೆ ಕಡೆ ಪಿಂಗ್‌ಪಾಂಗ್ (ಎರಡು ಸೆಲ್ ನಡುವೆ ಪದೇ ಪದೇ ಹ್ಯಾಂಡೋವರ್) ಶುರು, ಬೈಗುಳ ನಿಮಗೆ.

ಕೋರ್ ನೆಟ್‌ವರ್ಕ್‌ನವರು

ಒಂದೇ ಸೇರಿಸ್ತೀನಿ. ರಿಂಗ್ ಆಗ್ತಿರುವಾಗಲೇ ಫೋನ್ 4ಜಿ ಬಿಟ್ಟು 2ಜಿಗೆ ಇಳಿದು ಕಟ್ ಆಗ್ತಿದ್ದರೆ ರೇಡಿಯೋದವರನ್ನು ಸುಮ್ನೆ ಕಾಡಬೇಡಿ. ರಿಲೀಸ್ 8ರ ಎಸ್‌ಆರ್‌ವಿಸಿಸಿ (4ಜಿ ಕಾಲನ್ನು 2ಜಿ, 3ಜಿಗೆ ಸಾಗಿಸುವ ವ್ಯವಸ್ಥೆ) ಎತ್ತಿದ ಕಾಲ್‌ಗೆ ಮಾತ್ರ. ರಿಂಗ್ ಆಗುತ್ತಿರುವ ಕಾಲ್ ಸಾಗಿಸುವುದು ರಿಲೀಸ್ 10ರಲ್ಲಿ ಬಂದದ್ದು. ನೆಟ್‌ವರ್ಕೂ ಫೋನೂ ಎರಡೂ ಅದಕ್ಕೆ ತಯಾರಿರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಲಾಗ್ ತೆಗೆದು ನೋಡಿದೆ. ಎ3 ರಿಪೋರ್ಟ್ ಮತ್ತೆ ಮತ್ತೆ ಹೋಗಿದೆ, ಕಮಾಂಡ್ ಬಂದೇ ಇಲ್ಲ. ಹಾಗಾದ್ರೆ ಆಫ್‌ಸೆಟ್ ಬದಲಿಸಿ ಅಂತ ಬರೆಯಲಾ?

4ಜಿ ರೇಡಿಯೋ ಕಡೆಯವರು

ತಡೀರಿ, ಅವಸರ ಬೇಡ. ಫೋನ್ ಕಳಿಸಿದ್ದು ಗೊತ್ತಾಯ್ತು, ಟವರ್‌ಗೆ ತಲುಪಿತಾ? ಫೋನಿನ ಶಕ್ತಿ 23 ಡಿಬಿಎಂ, ಅಂದ್ರೆ ಕಾಲು ವಾಟಿಗೂ ಕಡಿಮೆ. ಘಾಟಿಯಲ್ಲಿ ಎಷ್ಟೋ ಸಲ ಮೊದಲು ಸೋಲುವುದು ಅಪ್‌ಲಿಂಕೇ (ಫೋನಿನಿಂದ ಟವರ್ ಕಡೆಯ ದಾರಿ). ಲಾಗ್‌ನಲ್ಲಿ ಆರ್‌ಎಲ್‌ಸಿ ಲೇಯರ್ (ಮೆಸೇಜ್ ತಲುಪಿದ್ದು ಖಾತ್ರಿ ಮಾಡುವ ಪದರ) ತೆರೆಯಿರಿ. ಆ ರಿಪೋರ್ಟಿಗೆ ಟವರ್‌ನಿಂದ ಎಸಿಕೆ (ತಲುಪಿತು ಅನ್ನುವ ಉತ್ತರ) ಬಂದಿಲ್ಲ ಅಂದ್ರೆ ಅಪ್‌ಲಿಂಕ್ ಹೋಗಿದೆ ಅಂತ ಬಲವಾದ ಅನುಮಾನ. ಆಫ್‌ಸೆಟ್, ಟಿಟಿಐ ಬಂಡ್ಲಿಂಗ್ (ಫೋನ್ ಅದೇ ಡೇಟಾವನ್ನು ಸತತವಾಗಿ ಹಲವು ಸಲ ಕಳಿಸುವುದು), ಆಂಟೆನಾ ಟಿಲ್ಟ್ (ಬಾಗು) ಯೋಚಿಸಿ. ಎಸಿಕೆ ಬಂದೂ ಕಮಾಂಡ್ ಇಲ್ಲ ಅಂದ್ರೆ ಮೊದಲು ನೆರೆ ಸೆಲ್‌ಗಳ ಪಟ್ಟಿ ನೋಡಿ. ಆ ಸೆಲ್ ಪಟ್ಟಿಯಲ್ಲೇ ಇರದಿದ್ದರೆ ಟವರ್ ಎಲ್ಲಿಗೆ ಅಂತ ಕಳಿಸಬೇಕು ಪಾಪ? ಪಟ್ಟಿಯಲ್ಲಿದ್ದರೆ ಸೈಟ್ ಕಡೆಯ ಟ್ರೇಸ್ ಕೇಳಿ. ಕಮಾಂಡ್ ಹೊರಟೂ ದಾರಿಯಲ್ಲಿ ಕಳೆದಿತ್ತಾ, ಹೊರಟೇ ಇರಲಿಲ್ಲವಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.