ಹಪ್ಪಳದ ದುಡ್ಡು, ಮಾವನ ಫಾರ್ವರ್ಡ್

ಭಾನುವಾರ ಬೆಳಗ್ಗೆ ನಮ್ಮ 'ಅಜ್ಜನ ಮನೆ' ಗುಂಪಿನಲ್ಲಿ ಕುಂಬಳೆ ಮಾವ ಒಂದು ಫಾರ್ವರ್ಡ್ ಹಾಕಿದರು. ಚಾರ್ಜ್‌ಬ್ಯಾಕ್ ಬಗ್ಗೆ, ಅಂದರೆ ಗಿರಾಕಿ ದೂರಿದಾಗ ಕಾರ್ಡಿನಲ್ಲಿ ಕೊಟ್ಟ ಹಣವನ್ನು ಬ್ಯಾಂಕ್ ಅಂಗಡಿಯವರಿಂದ ಹಿಂದೆ ತೆಗೆದುಕೊಳ್ಳುವುದು. ಕಾಸರಗೋಡಿನ ನೀರ್ಚಾಲಿನಲ್ಲಿ ಕೂತು ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿದ್ದು) ಆನ್‌ಲೈನಿನಲ್ಲಿ ಮಾರುವವಳು ನಾನು. ಅದನ್ನು ಓದಿ ಸುಮ್ನೆ ಬಿಡಲು ನನಗೆ ಆಗಲಿಲ್ಲ. ನಡೆದ ಮಾತನ್ನೆಲ್ಲ ಇಲ್ಲಿ ಹಾಕುತ್ತಿದ್ದೇನೆ.

ಕುಂಬಳೆ ಮಾವ: ಎಲ್ಲರಿಗೂ ತಿಳಿಸಿ!! ಕಾರ್ಡಿನಲ್ಲಿ ತೆಗೆದುಕೊಂಡ ವಸ್ತು ಇಷ್ಟವಾಗದಿದ್ದರೆ ಅಂಗಡಿಯವರ ಕಾಲು ಹಿಡಿಯಬೇಕಾಗಿಲ್ಲ. ಬ್ಯಾಂಕಿಗೆ ಫೋನ್ ಮಾಡಿ 'ಚಾರ್ಜ್‌ಬ್ಯಾಕ್' ಎನ್ನಿ. ಆರ್‌ಬಿಐ 2017ರ ನಿಯಮ. 10 ದಿನದಲ್ಲಿ ಪೂರ್ತಿ ಹಣ ವಾಪಸ್. ವಸ್ತುವೂ ನಿಮ್ಮದೇ!

ಪೆರ್ಲದ ಅತ್ತೆ: ಒಳ್ಳೆಯ ಮಾಹಿತಿ. ನನಗೆ ಸೀರೆ ಬೇರೆಯೇ ಬಣ್ಣದ್ದು ಬಂದಿತ್ತು. ಆಗ ಯಾರೂ ಹೇಳಲಿಲ್ಲ.

ಬೆಂಗಳೂರು ತಮ್ಮ: ಮಾವ, ಯಾವ ಸುತ್ತೋಲೆ? ತಾರೀಕು? ಲಿಂಕ್ ಇದೆಯಾ?

ಕುಂಬಳೆ ಮಾವ: ನನಗೆ ಬಂದದ್ದನ್ನು ಕಳಿಸಿದೆ. ಬೇಕಾದವರು ಓದಲಿ.

ಬೆಂಗಳೂರು ತಮ್ಮ: ಲಾಕ್‌ಡೌನಿನ ಕಷಾಯವನ್ನೂ ಹೀಗೇ ಕಳಿಸಿದ್ದಿರಿ.

ಕುಂಬಳೆ ಮಾವ: ಅದನ್ನು ನಿನ್ನ ಅಪ್ಪನೇ ಎರಡು ಸಲ ಕೇಳಿ ಕುಡಿದಿದ್ದಾರೆ. ಹೋಗಿ ಕೇಳು.

ಬದಿಯಡ್ಕ ದೊಡ್ಡಪ್ಪ: ಹಣವೂ ವಾಪಸ್, ವಸ್ತುವೂ ನಮ್ಮದೇ ಎಂದರೆ ಅದಕ್ಕೆ ಕಳ್ಳತನ ಅನ್ನುತ್ತಾರೆ. ಅಪ್ಪ ಪೇಟೆಯಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದರು. ಅರ್ಧ ಸೇರು ಅಕ್ಕಿ ಜಾಸ್ತಿ ಹೋದರೆ ಗಿರಾಕಿಯೇ ತಂದು ಕೊಡುತ್ತಿದ್ದ.

ದುಬಾಯಿ ಭಾವ: ಆ ಅಂಗಡಿ! ಪೆಪ್ಪರಮಿಂಟಿನ ಭರಣಿ, ಕಡದ ಪುಸ್ತಕ! ಹಪ್ಪಳ ಒಣಗಿಸುವಾಗ ಅಂಗಳದಲ್ಲಿ ಕಾಗೆ ಓಡಿಸುವ ಕೆಲಸ ನನಗಿತ್ತು.

ಪೆರ್ಲದ ಅತ್ತೆ: ಕಾಗೆಗಿಂತ ಜಾಸ್ತಿ ನೀನೇ ತಿಂದೆ. ಅಂದ ಹಾಗೆ ಆ ದೊಡ್ಡ ಓಲೆ ಚಾಪೆ ಈಗ ಯಾರಲ್ಲಿದೆ? ಪಾಲಾಗುವಾಗ ನನಗೆ ಅಂದಿದ್ದರು.

ಬದಿಯಡ್ಕ ದೊಡ್ಡಪ್ಪ: ಚಾಪೆಯ ಮಾತು ಇಲ್ಲಿ ಬೇಡ.

ಅಷ್ಟರಲ್ಲಿ ಮಾವ ಅದನ್ನೇ ಊರಿನ ಗುಂಪಿಗೂ ಹಾಕಿದ್ದು ಕಂಡಿತು. ನನ್ನ ಗಿರಾಕಿಗಳು ಎಷ್ಟೋ ಜನ ಆ ಗುಂಪಿನಲ್ಲಿದ್ದಾರೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಒಲೆ ಆರಿಸಿ ಬಂದು ಬರೆದೆ.

ನಾನು: ಮಾವ, ಹೋದ ಜುಲೈಯಲ್ಲಿ ನನಗಾದದ್ದನ್ನು ಹೇಳುತ್ತೇನೆ. ಗಲ್ಫಿನಲ್ಲಿರುವ ಒಬ್ಬರು ಮಂಗಳೂರಿನ ತಾಯಿಗೆಂದು 2,340 ರೂಪಾಯಿಯ ಹಪ್ಪಳ, ಮಾಂಬಳ ತರಿಸಿದರು. ಪಾರ್ಸೆಲ್ ಮುಟ್ಟಿತು. ತಾಯಿ ಸಹಿ ಹಾಕಿ ತೆಗೆದುಕೊಂಡರು. ಆದರೆ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ನಮ್ಮ ಹಪ್ಪಳದ ಹೆಸರಿರಲಿಲ್ಲ. ನಮ್ಮ ಮನೆಯವರ ಹಳೆಯ ವ್ಯಾಪಾರದ ಹೆಸರಿತ್ತು. ಗಲ್ಫಿನವರಿಗೆ ಗುರುತು ಸಿಗಲಿಲ್ಲ. 'ಇದು ನಾನು ಕೊಟ್ಟದ್ದಲ್ಲ' ಎಂದು ಬ್ಯಾಂಕಿಗೆ ಹೇಳಿಬಿಟ್ಟರು. ಏಳು ದಿನದೊಳಗೆ ದಾಖಲೆ ಕೊಡಿ ಎಂದು ನನಗೆ ಮೇಲ್ ಬಂತು. ಆ ವಾರ ಇಲ್ಲಿ ಗಾಳಿಮಳೆ, ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನಾನು ಮೇಲ್ ನೋಡಿದ್ದು ಒಂಬತ್ತನೇ ದಿನ. ಸಹಿಯ ರಸೀದಿ ಡಬ್ಬದಲ್ಲೇ ಇತ್ತು, ಆದರೆ ಹಣ ಹೋಗಿ ಆಗಿತ್ತು. ಆಮೇಲೆ ಅವರೇ ಬೇಸರಪಟ್ಟು ತಾಯಿಯ ಕೈಯಲ್ಲಿ ದುಡ್ಡು ಕೊಡಿಸಿದರು. ಆದರೂ ನನ್ನಿಂದ ಹಿಡಿದಿದ್ದ ವಿವಾದದ ಶುಲ್ಕ ವಾಪಸ್ ಬರಲಿಲ್ಲ. ನನ್ನ ಖಾತೆಯಲ್ಲಿ ಒಂದು ಚಾರ್ಜ್‌ಬ್ಯಾಕ್ ಎಂದು ಬಿದ್ದದ್ದೂ ಅಳಿಯಲಿಲ್ಲ. ಅಂಥದ್ದು ಜಾಸ್ತಿಯಾದರೆ ಕಾರ್ಡ್ ತೆಗೆದುಕೊಳ್ಳುವ ಸೌಕರ್ಯವನ್ನೇ ನಿಲ್ಲಿಸುತ್ತಾರೆ.

ಬೆಂಗಳೂರು ತಮ್ಮ: ಸಿಕ್ಕಿತು. 2017ರ ಜುಲೈ 6ರ ಸುತ್ತೋಲೆ. ಅದು ನಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ಏನು ಮಾಡಬೇಕು ಎಂಬುದಕ್ಕೆ. ಹೊರಗಿನವರ ಮೋಸವಾದರೆ 3 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು, ಆಗ ಗಿರಾಕಿಗೆ ನಷ್ಟವಿಲ್ಲ. ತಿಳಿಸಿದ 10 ಕೆಲಸದ ದಿನದಲ್ಲಿ ಬ್ಯಾಂಕ್ ಆ ಮೊತ್ತ ಹಾಕಬೇಕು, ಅದೂ ತೀರ್ಮಾನ ಆಗುವವರೆಗೆ ತಾತ್ಕಾಲಿಕವಾಗಿ. ಇಷ್ಟವಾಗದ ಸೀರೆಗೂ ಇದಕ್ಕೂ ಸಂಬಂಧವಿಲ್ಲ.

ಕುಂಬಳೆ ಮಾವ: ಹಾಗಾದರೆ ಚಾರ್ಜ್‌ಬ್ಯಾಕ್ ಅಂತ ಒಂದು ಇಲ್ಲವೇ ಇಲ್ಲ ಅನ್ನು.

ನಾನು: ಇದೆ ಮಾವ, ಇರಲೇಬೇಕು. ವಸ್ತು ಬರಲಿಲ್ಲ, ಒಡೆದು ಬಂತು, ಹೇಳಿದ್ದೊಂದು ಬಂದದ್ದೊಂದು, ಇದಕ್ಕೆಲ್ಲ ಇದೆ. ಅದು ವೀಸಾ, ಮಾಸ್ಟರ್‌ಕಾರ್ಡಿನಂಥವರ ನಿಯಮ. ಹೆಚ್ಚಿನದಕ್ಕೆ 120 ದಿನದ ಅವಧಿ. ಆದರೆ ಮೊದಲು ಅಂಗಡಿಯವರನ್ನು ಕೇಳಬೇಕು, ಬಂದ ವಸ್ತು ಹಿಂದೆ ಕೊಡಲು ತಯಾರಿರಬೇಕು. ಎರಡೂ ನಮ್ಮದೇ ಅನ್ನುವ ನಿಯಮ ಎಲ್ಲಿಯೂ ಇಲ್ಲ.

ದುಬಾಯಿ ಭಾವ: ಓಟಿಪಿ ಇದ್ದರೂ ನಿನಗೆ ಹೀಗಾಗುತ್ತದಾ?

ನಾನು: ಓಟಿಪಿ ಹಾಕಿ ಕೊಟ್ಟ ದುಡ್ಡಿಗೆ 'ನಾನಲ್ಲ' ಎಂದರೆ ಅದರ ಭಾರ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೇಲೆ. ಹೊರದೇಶದ ಕಾರ್ಡಿಗೆ ಕೆಲವು ಸಲ ಓಟಿಪಿ ಕೇಳುವುದೇ ಇಲ್ಲ. ಆಗ ನಷ್ಟ ನನಗೆ. 'ವಸ್ತು ಬರಲಿಲ್ಲ' ಅನ್ನುವುದಕ್ಕಂತೂ ಓಟಿಪಿ ಉತ್ತರ ಅಲ್ಲ. ಅದಕ್ಕೇ ಈಗ ಪ್ರತಿ ಪಾರ್ಸೆಲನ್ನು ತಕ್ಕಡಿಯ ಮೇಲಿಟ್ಟು, ವಿಳಾಸವೂ ತೂಕವೂ ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಕೊರಿಯರ್ ರಸೀದಿಯ ಫೋಟೋ ಅದೇ ದಿನ. ಆ ಕಾಗದದ ಅಕ್ಷರ ಬೇಗ ಮಾಸುತ್ತದೆ. ಹೊರದೇಶದ ದೊಡ್ಡ ಆರ್ಡರ್ ಬಂದರೆ ಒಂದು ಫೋನ್ ಮಾಡಿಯೇ ಕಳಿಸುತ್ತೇನೆ. ಸ್ಟೇಟ್‌ಮೆಂಟಿಗೆ ಹೋಗುವ ಹೆಸರನ್ನೂ ಬದಲಿಸಿದೆ. ಹಪ್ಪಳ ಪುಡಿಯಾಯಿತು ಎಂದು ಯಾರಾದರೂ ಫೋಟೋ ಕಳಿಸಿದರೆ ವಾದ ಮಾಡದೆ ಹಣ ಕೊಡುತ್ತೇನೆ. ಆದರೆ ಅವರು ಬ್ಯಾಂಕಿಗೆ ಹೋಗಿ ಆದ ಮೇಲೆ ನಾನು ಬೇರೆಯಾಗಿ ಹಣ ಕೊಟ್ಟರೆ ಎರಡೆರಡು ಸಲ ಹೋಗುವ ಅಪಾಯ ಇದೆ.

ಕುಂಬಳೆ ಮಾವ: ಇಷ್ಟು ಜನರ ಎದುರು ಪಾಠ ಹೇಳುವ ಬದಲು ಫೋನ್ ಮಾಡಬಹುದಿತ್ತು. ನಿನ್ನ ಮನೆ ಒಕ್ಕಲಿಗೂ ನನ್ನನ್ನು ಕರೆದದ್ದು ವಾಟ್ಸಾಪಿನಲ್ಲೇ ಅಲ್ವಾ.

ಬದಿಯಡ್ಕ ದೊಡ್ಡಪ್ಪ: ಹಿರಿಯರನ್ನು ಮನೆಗೆ ಹೋಗಿ ಕರೆಯಬೇಕು. ಅದು ಕ್ರಮ.

ಪೆರ್ಲದ ಅತ್ತೆ: ನನಗೂ ವಾಟ್ಸಾಪೇ. ಇರಲಿ. ಕೂಸೇ, ನನ್ನ ಸೀರೆ ದೀಪಾವಳಿಯದ್ದು. 120 ದಿನ ಆಯಿತಾ?

ನಾನು: ಆಗಿ ಹೋಯಿತು ಅತ್ತೆ.

ಮನೆ ಒಕ್ಕಲಿನ ವಿಷಯದಲ್ಲಿ ತಪ್ಪು ನನ್ನದೇ. ಅಂದು ಸಂಜೆ ಬಸ್ಸು ಹಿಡಿದು ಕುಂಬಳೆಗೆ ಹೋದೆ. ಮಾವ ಅಡಿಕೆ ಸುಲಿಯುತ್ತಾ ಕೂತಿದ್ದರು. ನೀರು, ಬೆಲ್ಲ ತಂದಿಟ್ಟು ಕುಂಬಳೆ ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮಾವನೇ ಫೋನ್ ನನ್ನ ಕೈಗೆ ಕೊಟ್ಟು 'ಏನು ಬರೆಯಬೇಕು, ನೀನೇ ಬರೆ' ಎಂದರು. 'ಬೆಳಗ್ಗೆ ನಾನು ಕಳಿಸಿದ್ದು ಸರಿಯಲ್ಲ. ವಸ್ತುವಿನಲ್ಲಿ ತೊಂದರೆ ಇದ್ದರೆ ಮೊದಲು ಅಂಗಡಿಯವರಿಗೆ ಫೋನ್ ಮಾಡಿ' ಎಂದು ಬರೆದೆ. ಕನ್ನಡಕ ಹಾಕಿ ಎರಡು ಸಲ ಓದಿ, ಕೆಳಗೆ ತಮ್ಮ ಹೆಸರು ಸೇರಿಸಿ, ಊರಿನ ಗುಂಪಿಗೆ ಅವರೇ ಹಾಕಿದರು.

ಬೆಳಗ್ಗಿನದಕ್ಕೆ 31 ಹೆಬ್ಬೆರಳು ಬಿದ್ದಿದ್ದವು. ಇದಕ್ಕೆ ನಾನು ಮಲಗುವಾಗ ನಾಲ್ಕು.